ಮನೆ ಕಂದಾಯ ಮತ್ತು ನಾವು

ಬೆಂಗಳೂರು ಕಡೆಯಿಂದ ಬೃಂದಾವನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಮದರಾಸಿಗೆ ಕಾಲಿಟ್ಟವರು ನಮ್ಮ ಸಂಘದಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಇದ್ದಾರು. ಊರಿನ ಹೆಸರು 1996ರಲ್ಲೇ ಚೆನ್ನೈ ಆಯಿತು. ಆದರೂ ನಮ್ಮ ಬಾಯಿಗೆ ಮೊದಲು ಬರುವುದು ಮದರಾಸು. ಓದುಗರು ಕ್ಷಮಿಸಬೇಕು. ನಾವು ಇಳಿದ ಆ ಸೆಂಟ್ರಲ್ ಸ್ಟೇಷನ್ನಿನ ಮಗ್ಗುಲಲ್ಲೇ ಒಂದು ರಸ್ತೆಯಿದೆ. ಅಧಿಕೃತವಾಗಿ ಅದು ವ.ಉ.ಚಿ. ರಸ್ತೆ. ಆದರೆ ಆಟೋದವರಿಗೂ ಲಾರಿಯವರಿಗೂ ಅದು ಇಂದಿಗೂ ‘ವಾಲ್‌ಟ್ಯಾಕ್ಸ್ ರೋಡ್’. ಬಹಳ ವರ್ಷಗಳ ಕಾಲ ನಾವು ಇದು ವಾಲ್ಟಾಕ್ಸ್ ಎಂಬ ಯಾವನೋ ದೊರೆಯ ಹೆಸರೆಂದೇ ನಂಬಿದ್ದೆವು. ಮನ್ರೋ ಇರುವ ಊರಿನಲ್ಲಿ ಒಬ್ಬ ವಾಲ್ಟಾಕ್ಸ್ ಏಕಿರಬಾರದು?

ಅದು ದೊರೆಯ ಹೆಸರಲ್ಲ, ಕಂದಾಯದ ಹೆಸರು ಎಂದು ನಮಗೆ ಗೊತ್ತಾದದ್ದು ನಮ್ಮ ಮನೆಗೇ ಕಂದಾಯದ ಚೀಟಿ ಬಂದು ತಲೆಬಿಸಿಯಾದಾಗ. ‘ವಾಲ್’ ಎಂದರೆ ಗೋಡೆ. ‘ಟ್ಯಾಕ್ಸ್’ ಎಂದರೆ ತೆರಿಗೆ. ಆ ಗೋಡೆಗೆ ಕಾರಣರಾದವರು ಒಂದು ಲೆಕ್ಕದಲ್ಲಿ ನಮ್ಮ ಕಡೆಯವರೇ! 1767ರಲ್ಲಿ ಹೈದರಾಲಿಯ ಕುದುರೆ ಸವಾರರು ಮದರಾಸಿನ ಅಂಚಿನವರೆಗೂ ಬಂದು ಹೋದರು. 1769ರಲ್ಲಿ ಹೈದರಾಲಿಯೇ ಊರ ಬಾಗಿಲಿಗೆ ಬಂದು ನಿಂತು ಕಂಪನಿಯವರಿಂದ ಸಂಧಿಪತ್ರ ಬರೆಸಿಕೊಂಡ. ಬೆದರಿದ ಕಂಪನಿಯವರು ಕೋಟೆಯ ಹೊರಗೆ ಜನ ವಾಸಿಸುತ್ತಿದ್ದ ಪೇಟೆಯ ಉತ್ತರಕ್ಕೂ ಪಶ್ಚಿಮಕ್ಕೂ ಭಾರಿ ಗೋಡೆ ಕಟ್ಟಿಸಿದರು. ಕಟ್ಟಿಸಿದ ಮೇಲೆ, “ಗೋಡೆ ನಿಮ್ಮ ಕ್ಷೇಮಕ್ಕಾಗಿ, ಖರ್ಚನ್ನು ನೀವೇ ಕೊಡಿ” ಎಂದು ನಿವಾಸಿಗಳ ಮೇಲೆ ತೆರಿಗೆ ಹೊರಿಸಲು ಹೊರಟರು. ಆ ಪ್ರಯತ್ನ ಕೈಗೂಡಲಿಲ್ಲ. ಗೋಡೆಯೂ ಕಾಲಕ್ರಮದಲ್ಲಿ ಹೋಯಿತು. ಹಳೆಯ ವಣ್ಣಾರಪೇಟೆಯ ಕಡೆ ‘ಮಾಡಿ ಪೂಂಗಾ’ ಎಂಬ ಎತ್ತರದ ಉದ್ಯಾನದಲ್ಲಿ ಅದರ ತುಂಡೊಂದು ಉಳಿದಿದೆ. ಕಟ್ಟದೆ ಹೋದ ತೆರಿಗೆಯ ಹೆಸರು ಮಾತ್ರ ಗೋಡೆಗಿಂತ ಗಟ್ಟಿಯಾಗಿ ನಿಂತಿತು.

ಈ ಊರಿನಲ್ಲಿ ಬೀದಿಯ ಖರ್ಚಿಗೂ ಮನೆ ಕಂದಾಯಕ್ಕೂ ಜಗಳ ಅದಕ್ಕಿಂತ ಹಳೆಯದು. 1678ರಲ್ಲಿ, ಸ್ಟ್ರೆನ್‌ಷ್ಯಾಮ್ ಮಾಸ್ಟರ್ ಗವರ್ನರಾಗಿದ್ದಾಗ, ಬೀದಿ ಚೊಕ್ಕಟ ಮಾಡಿಸುವ ಖರ್ಚಿಗೆಂದು ಮನೆಗಳ ಮೇಲೆ ಕಂದಾಯ ಹಾಕಲು ನಿಶ್ಚಯಿಸಿದರು. 1686ರಲ್ಲಿ ಗವರ್ನರ್ ಗಿಫರ್ಡನ ಕಾಲದಲ್ಲಿ ಮತ್ತೆ ಕಂದಾಯದ ಮಾತು ಬಂದಾಗ ಪೇಟೆಯ ಜನ ಅಂಗಡಿಗಳನ್ನೇ ಮುಚ್ಚಿ ಕೂತರು. ಲಂಡನ್ನಿನಲ್ಲಿ ಕಂಪನಿಯ ಯಜಮಾನನಾಗಿದ್ದ ಜೊಸಾಯಾ ಚೈಲ್ಡ್ ಒಂದು ಉಪಾಯ ಹೂಡಿದ. ಊರಿನವರಲ್ಲೇ ಕೆಲವರನ್ನು ಸೇರಿಸಿ ಒಂದು ಸಭೆ ಮಾಡಿ, ಕಂದಾಯ ಹಾಕುವ ಕೆಲಸವನ್ನು ಅದರ ಕೈಗೇ ಒಪ್ಪಿಸಿದರೆ ಜನ ಗೊಣಗದೆ ಕೊಟ್ಟಾರು ಎಂಬುದು ಅವನ ಲೆಕ್ಕ. ಹಾಗೆ 1688ರ ಸೆಪ್ಟೆಂಬರ್ 29ರಂದು ಮದರಾಸಿನ ಕಾರ್ಪೊರೇಷನ್ ಆರಂಭವಾಯಿತು. ಅಂದರೆ ಈ ಸಂಸ್ಥೆಯ ತೊಟ್ಟಿಲಲ್ಲೇ ಮನೆ ಕಂದಾಯದ ಜಗಳ ಮಲಗಿತ್ತು. ಅದು ಮುನ್ನೂರು ಚಿಲ್ಲರೆ ವರ್ಷ ಬೆಳೆದು, ನಡೆದುಕೊಂಡು ನಮ್ಮ ಬೀದಿಗೂ ಬಂದದ್ದರಲ್ಲಿ ಆಶ್ಚರ್ಯವೇನು?

ಇನ್ನು ನಮ್ಮ ಬೀದಿಯ ಕಥೆ.

ನಗರದ ದಕ್ಷಿಣದ ಅಂಚಿನಲ್ಲಿ ನಾವು ಅರ್ಧ ಗ್ರೌಂಡು ಕೊಂಡಾಗ ಅಲ್ಲಿ ಬೀದಿ ಇರಲಿಲ್ಲ. ಬೀದಿಯೆಂದು ನಕ್ಷೆಯಲ್ಲಿ ಎರಡು ಗೆರೆ ಇದ್ದವು. (ಮದರಾಸಿನ ಗ್ರೌಂಡು ಎಂದರೆ 2,400 ಚದರ ಅಡಿ ಎಂದು ಊರಿನ ನೆಂಟರಿಗೆ ಎಷ್ಟು ಸಲ ವಿವರಿಸಿದ್ದೇವೋ!) ಪಕ್ಕದಲ್ಲಿ ಗದ್ದೆ, ರಾತ್ರಿ ಕಪ್ಪೆಗಳ ಕಚೇರಿ. 1988ರಲ್ಲಿ ಗೃಹಪ್ರವೇಶವಾಯಿತು. ಅಂದು ತೆಗೆಸಿದ ಒಂದು ಫೋಟೋ ಇದೆ: ಕಲಶ ಹಿಡಿದ ನಮ್ಮಾಕೆ ಮೂರು ಮೆಟ್ಟಿಲು ಹತ್ತಿ ಜಗಲಿಗೆ ಬರುತ್ತಿದ್ದಾರೆ. ಆ ಮೂರು ಮೆಟ್ಟಿಲುಗಳನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಆಗ ನಮ್ಮದು ಪಂಚಾಯತಿ. ಕಂದಾಯ ಎಂದರೆ ವರ್ಷಕ್ಕೊಮ್ಮೆ ಹೋಗಿ ಕೊಟ್ಟುಬರುವ ಅಲ್ಪ ಕಾಣಿಕೆ. ಅಷ್ಟಕ್ಕೆ ತಕ್ಕ ಸೌಕರ್ಯ: ಬಾವಿಯ ನೀರು, ಹಿತ್ತಲಿನ ಮಲಗುಂಡಿ, ಅದನ್ನು ಬಳಿಯಲು ಬರುವ ಲಾರಿ. ನಾವು ಏನನ್ನೂ ಕೇಳಲಿಲ್ಲ. ಕೇಳದಿರುವುದು ನಮ್ಮಂಥವರ ಅಭ್ಯಾಸ. ಹೊರನಾಡಿನಲ್ಲಿ ಬದುಕುವವನು ಬೀದಿಯ ತಕರಾರಿಗೆ ಹೋಗಬಾರದು, ನಾಲ್ಕು ಜನರ ನಡುವೆ ಗಟ್ಟಿ ದನಿಯಲ್ಲಿ ಮಾತನಾಡಬಾರದು ಎಂದು ನಮಗೆ ನಾವೇ ಹಾಕಿಕೊಂಡ ಕಟ್ಟಳೆ. ಕಾವೇರಿಯ ಸುದ್ದಿ ಪತ್ರಿಕೆಯ ಮೊದಲ ಪುಟದಲ್ಲಿ ಬಂದ ದಿನ ನಾವು ತರಕಾರಿ ಗಾಡಿಯ ಮುಂದೆ ಮೆಲ್ಲಗೆ ಕನ್ನಡ ಆಡಿದವರೇ. ಬೀದಿಯವರು ಎಂದೂ ನಮ್ಮನ್ನು ಹೊರಗಿನವರೆಂದು ಕಂಡಿರಲಿಲ್ಲ. ಆ ಸಂಕೋಚ ನಮ್ಮದೇ. ಸಂಘದ ಸಭೆಯಲ್ಲಿ ಕರ್ನಾಟಕದ ರಸ್ತೆಗಳ ದುರವಸ್ಥೆಯನ್ನು ಗಂಟೆಗಟ್ಟಲೆ ಚರ್ಚಿಸುವ ನಾವು, ನಮ್ಮ ಬಾಗಿಲ ಮುಂದಿನ ಗುಂಡಿಯ ಬಗ್ಗೆ ಒಂದು ಅರ್ಜಿ ಬರೆದವರಲ್ಲ.

ಅದೇ ಹೊತ್ತಿಗೆ ನಮಗೆ ಸಮೀಪದ ಆಲಂದೂರಿನಲ್ಲಿ ಬೇರೊಂದು ರೀತಿಯ ಕೆಲಸ ನಡೆಯುತ್ತಿತ್ತು. ಆಲಂದೂರು, ಆದಂಬಾಕ್ಕಂ, ನಂಗನಲ್ಲೂರು ಎಲ್ಲ ಸೇರಿ ಆಗ ಅದೊಂದು ಪ್ರತ್ಯೇಕ ಪುರಸಭೆ. ನಂಗನಲ್ಲೂರಿನಲ್ಲಿ ನಮ್ಮವರ ಮನೆಗಳು ಎಷ್ಟಿವೆ ಎಂಬುದನ್ನು ಆಂಜನೇಯನ ಗುಡಿಗೆ ಶನಿವಾರ ಹೋಗುವವರೆಲ್ಲ ಬಲ್ಲರು. 1996ರಲ್ಲಿ ಅಧ್ಯಕ್ಷರಾದ ಆರ್.ಎಸ್. ಭಾರತಿಯವರು ಊರಿಗೆಲ್ಲ ಒಳಚರಂಡಿ ಹಾಕಿಸುವ ಯೋಜನೆ ಕೈಗೆತ್ತಿಕೊಂಡರು. ಸುಮಾರು 34 ಕೋಟಿ ರೂಪಾಯಿಯ ಕೆಲಸ. ಪುರಸಭೆಯ ಪೆಟ್ಟಿಗೆಯಲ್ಲಿ ಅಷ್ಟೆಲ್ಲಿದೆ? ಸಾಲ ತರಬೇಕು, ಅದರ ಜೊತೆಗೆ ಜನರೂ ಕೊಡಬೇಕು ಎಂದಾಯಿತು. ವಾಸದ ಮನೆಗೆ 5,000, ಅಂಗಡಿ ಮುಂಗಟ್ಟಿಗೆ 10,000 ರೂಪಾಯಿ ಠೇವಣಿ. ಅದೂ ಕೊಳವೆ ಕಣ್ಣಿಗೆ ಬೀಳುವ ಮೊದಲೇ!

ನಂಗನಲ್ಲೂರಿನ ನಮ್ಮ ಸ್ನೇಹಿತರೊಬ್ಬರು ಆ ದಿನಗಳಲ್ಲಿ ಭಾನುವಾರ ಬಂದರೆ ಇದೇ ಮಾತು. “ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸು ಅಂತಾರಲ್ಲ ಸ್ವಾಮಿ” ಎಂದು ಗೊಣಗುವರು. 5,000 ಆಗ ಸಣ್ಣ ಮೊತ್ತವಲ್ಲ. ಆದರೆ ಅಲ್ಲಿ ಒಂದು ಒಳ್ಳೆಯ ಕೆಲಸವಾಯಿತು. ನಿವಾಸಿಗಳ ಸಂಘಗಳನ್ನು ಕರೆದು ಮಾತನಾಡಿದರು, ಬೀದಿ ಬೀದಿಗೆ ಹೋಗಿ ವಿವರಿಸಿದರು, ಠೇವಣಿಯ ಹಣವನ್ನು ಬೇರೆ ಖಾತೆಯಲ್ಲಿಟ್ಟರು. ಸಾವಿರಾರು ಮನೆಗಳವರು ಹಣ ಕಟ್ಟಿದರು. 2000ದಲ್ಲಿ ಕೆಲಸ ಶುರುವಾಗಿ ಕೆಲವೇ ವರ್ಷಗಳಲ್ಲಿ ಕೊಳವೆಗಳು ಮನೆಮನೆ ಮುಟ್ಟಿದವು. ಪುರಸಭೆಯೊಂದು ಖಾಸಗಿಯವರನ್ನು ಕೂಡಿಸಿಕೊಂಡು, ಜನರ ಠೇವಣಿಯನ್ನೂ ಸೇರಿಸಿ ಇಂಥದನ್ನು ಸಾಧಿಸಿತೆಂದು ದೇಶದ ನಾನಾ ಕಡೆಯಿಂದ ಅಧಿಕಾರಿಗಳು ಬಂದು ನೋಡಿ ಹೋದರು. ನಮ್ಮ ಸ್ನೇಹಿತರ ಮನೆಯಲ್ಲಿ ಆ 5,000 ರೂಪಾಯಿಯ ರಸೀದಿ ಇನ್ನೂ ಇದೆ. ಅದನ್ನು ಅವರು ಪದಕದಂತೆ ತೋರಿಸುತ್ತಾರೆ. ಗೊಣಗಿದ್ದು ಮಾತ್ರ ಮರೆತಿದ್ದಾರೆ.

ತಮಿಳುನಾಡಿನಲ್ಲಿ ‘ನಮಕ್ಕು ನಾಮೇ’ ಎಂಬ ಯೋಜನೆಯೂ ಸುಮಾರು ಅದೇ ಕಾಲದ್ದು. ಬೀದಿಯವರು ಒಂದು ಪಾಲು ಕೊಟ್ಟರೆ ಸರ್ಕಾರ ಉಳಿದದ್ದನ್ನು ಹಾಕಿ ರಸ್ತೆ, ಉದ್ಯಾನ, ಶಾಲೆಯ ಕೋಣೆ ಮಾಡಿಸುವುದು. 2021ರಲ್ಲಿ ಅದಕ್ಕೆ ಮತ್ತೆ ಜೀವ ಬಂದಿತು. ಜನರ ಪಾಲು ಮೂರರಲ್ಲೊಂದು ಎಂದು ಗೊತ್ತುಮಾಡಿದರು. ನಮಕ್ಕು ನಾಮೇ ಎಂದರೆ ನಮಗೆ ನಾವೇ. ಅನುವಾದವೇ ಬೇಡದ ಮಾತು. ಆದರೆ ಆ ‘ನಾವು’ ಎಂಬುದರೊಳಗೆ ನಮ್ಮನ್ನೂ ಸೇರಿಸಿಕೊಳ್ಳಲು ನಮಗೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

2011ರಲ್ಲಿ ಮದರಾಸಿನ ಎಲ್ಲೆ ವಿಸ್ತರಿಸಿ, ಆಲಂದೂರಿನ ಜೊತೆಗೆ ನಮ್ಮ ಬಡಾವಣೆಯೂ ನಗರಕ್ಕೆ ಸೇರಿತು. ರಸ್ತೆಗೆ ಡಾಂಬರು ಬಂತು. ಬಂದಿತು ಎಂದರೆ, ಬರುತ್ತಲೇ ಇತ್ತು. ಹಳೆಯ ಡಾಂಬರನ್ನು ಕೀಳದೆ ಅದರ ಮೇಲೇ ಜಲ್ಲಿ, ಅದರ ಮೇಲೆ ಮತ್ತೊಂದು ಪದರ. ದೋಸೆಯ ಮೇಲೆ ದೋಸೆ ಹುಯ್ದ ಹಾಗೆ ರಸ್ತೆ ಏರಿತು, ಮನೆಗಳು ಇಳಿದವು. ಮೊದಲು ಒಂದು ಮೆಟ್ಟಿಲು ಮುಳುಗಿತು, ಆಮೇಲೆ ಎರಡನೆಯದು. 2015ರ ಡಿಸೆಂಬರಿನ ಪ್ರವಾಹದಲ್ಲಿ ಮೂರನೆಯ ಮೆಟ್ಟಿಲನ್ನೂ ದಾಟಿ ನೀರು ನಡುಮನೆಗೆ ಬಂದಾಗ, ನಾವು ಮಹಡಿಯ ಕೋಣೆಯಲ್ಲಿ ಮೂರು ರಾತ್ರಿ ಕಳೆದೆವು. ಎದುರುಮನೆಯ ರೈಲ್ವೆ ಸಾರ್ ಕುಟುಂಬವೂ, ಮೂಲೆಮನೆಯ ಪಾಟಿಯೂ ನಮ್ಮೊಡನೆ ಅಲ್ಲಿಯೇ. ಹನ್ನೊಂದು ಜನ, ಒಂದು ಸ್ಟವ್, ಒಂದು ಮೂಟೆ ಅವಲಕ್ಕಿ. ಆ ಮಹಡಿಯ ಕೋಣೆಯನ್ನೂ ಓದುಗರು ನೆನಪಿಟ್ಟುಕೊಳ್ಳಬೇಕು. ಈ ಪ್ರಬಂಧದ ಕಳ್ಳ ಅಲ್ಲೇ ಅಡಗಿದ್ದಾನೆ.

ಹಳೆಯ ಮದರಾಸು ನಗರದಲ್ಲಿ 1998ರ ನಂತರ ಮನೆ ಕಂದಾಯದ ಸಾಮಾನ್ಯ ಪರಿಷ್ಕರಣೆ ಆಗಿರಲಿಲ್ಲ. 2018ರಲ್ಲಿ ಏರಿಸಲು ಆಜ್ಞೆಯಾಗಿ, ಮನೆಯ ಅಳತೆಯನ್ನು ನೀವೇ ಬರೆದುಕೊಡಿ ಎಂದು ನಮೂನೆ ಹಂಚಿದರು. 2019ರ ನವೆಂಬರಿನಲ್ಲಿ ಆ ಏರಿಕೆಯನ್ನು ತಡೆಹಿಡಿದರು. 2022ರ ಏಪ್ರಿಲಿನಲ್ಲಿ ಮತ್ತೆ ಘೋಷಣೆಯಾಯಿತು. ಕೇಂದ್ರದ ಅನುದಾನ ಬೇಕಾದರೆ ಕಂದಾಯ ಪರಿಷ್ಕರಿಸಬೇಕು ಎಂದು 15ನೆಯ ಹಣಕಾಸು ಆಯೋಗದ ಕಟ್ಟುಪಾಡು ಇತ್ತು. ಹಳೆಯ ನಗರದಲ್ಲಿ 600 ಚದರ ಅಡಿಯವರೆಗಿನ ಮನೆಗೆ ನೂರಕ್ಕೆ 50, 1,200ರವರೆಗೆ 75, 1,800ರವರೆಗೆ 100, ಅದಕ್ಕೂ ಮೇಲ್ಪಟ್ಟರೆ 150ರಷ್ಟು ಏರಿಕೆ. 2011ರಲ್ಲಿ ಸೇರಿದ ನಮ್ಮಂಥ ಪ್ರದೇಶಗಳಿಗೆ ಕ್ರಮವಾಗಿ 25, 50, 75, 100. ಅಂಗಡಿ ಮುಂಗಟ್ಟಿಗೆ ಬೇರೆ ಲೆಕ್ಕ.

ಕಂದಾಯ ಕಟ್ಟುವ ಮನೆಯವರಲ್ಲಿ ಅದರ ಲೆಕ್ಕ ಬಲ್ಲವರು ಕಡಿಮೆ, ನಾವೂ ಬಲ್ಲವರಾಗಿರಲಿಲ್ಲ. ಆದ್ದರಿಂದ ಎರಡು ಮಾತು. ಮದರಾಸಿನಲ್ಲಿ ಮನೆಯ ಬೆಲೆಯ ಮೇಲೆ ಕಂದಾಯವಲ್ಲ. ಆ ಮನೆಗೆ ಎಷ್ಟು ಬಾಡಿಗೆ ಬಂದೀತು ಎಂಬ ಅಂದಾಜಿನ ಮೇಲೆ. ಒಂದೊಂದು ಬೀದಿಗೂ ಚದರ ಅಡಿಗೆ ಇಷ್ಟೆಂದು ಒಂದು ದರ ಇರುತ್ತದೆ. ಕಟ್ಟಡದ ವಿಸ್ತೀರ್ಣವನ್ನು ಅದರಿಂದ ಗುಣಿಸುತ್ತಾರೆ. ಸ್ವಂತ ವಾಸವಾದರೆ ಒಂದಿಷ್ಟು ವಿನಾಯಿತಿ, ಕಟ್ಟಡ ಹಳೆಯದಾದರೆ ಇನ್ನೊಂದಿಷ್ಟು. ಹೀಗೆ ಬಂದ ವಾರ್ಷಿಕ ಬೆಲೆಯ ಮೇಲೆ ಅರ್ಧ ವರ್ಷಕ್ಕೊಮ್ಮೆ ಕಂದಾಯ. ಬೇಗ ಕಟ್ಟಿದವರಿಗೆ ನೂರಕ್ಕೆ 5ರಷ್ಟು ರಿಯಾಯಿತಿಯೂ ಉಂಟು. ಆದ್ದರಿಂದ ಚೀಟಿ ಬಂದಾಗ ನೋಡಬೇಕಾದದ್ದು ಕೆಳಗಿನ ಮೊತ್ತವನ್ನಲ್ಲ. ವಿಸ್ತೀರ್ಣ ಎಷ್ಟೆಂದು ಬರೆದಿದೆ, ವಾಸ ಎಂದು ಬರೆದಿದೆಯೋ ಅಂಗಡಿ ಎಂದೋ, ಸ್ವಂತ ಎಂದೋ ಬಾಡಿಗೆ ಎಂದೋ, ಇವನ್ನು ನೋಡಬೇಕು. ನಮ್ಮ ಬೀದಿಯಲ್ಲಿ ಎಲ್ಲರೂ ಮೊತ್ತವನ್ನಷ್ಟೇ ನೋಡಿದೆವು, ಎಲ್ಲರಿಗೂ ಸಿಟ್ಟು ಬಂತು.

ಸಭೆ ನಮ್ಮ ಜಗಲಿಯಲ್ಲೇ ಸೇರಿತು. ರೈಲ್ವೆ ಸಾರ್ ಲೆಕ್ಕಪತ್ರ ವಿಭಾಗದಲ್ಲಿ ನಿವೃತ್ತರಾದವರು, ಅವರೇ ಅಧ್ಯಕ್ಷರು. ನಮ್ಮ ಅಕ್ಷರ ದುಂಡಗಿದೆಯೆಂದು, ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಕೆಲಸ ನಮಗೆ ಬಂತು. ನಾವು ಬೇಡವೆಂದೆವು, “ನೀವು ಈ ಬೀದಿಗೆ ಬಂದ ಎರಡನೇ ಮನೆಯವರು ಸಾರ್, ನೀವಲ್ಲದೆ ಯಾರು?” ಎಂದರು. ಅದನ್ನು ಕೇಳಿ ಒಳಗೊಳಗೇ ಹಿಗ್ಗಿದೆವೆಂದು ಒಪ್ಪಿಕೊಳ್ಳಬೇಕು.

“ರಸ್ತೆ ಹಾಕಿ ನಮ್ಮ ಮನೆಯನ್ನು ಹಳ್ಳ ಮಾಡಿದರು, ಆ ರಸ್ತೆಗೇ ಕಂದಾಯ ಏರಿಸಿದರು” ಎಂಬುದು ಎಲ್ಲರ ದೂರು. ಅರ್ಜಿಯಲ್ಲಿ ಮೂರು ಬೇಡಿಕೆ ಬರೆದೆವು. ಒಂದು, ಹಳೆಯ ಡಾಂಬರು ಕೆರೆದು ತೆಗೆಯದೆ ಮತ್ತೆ ರಸ್ತೆ ಹಾಕಬಾರದು. ಇದಕ್ಕೆ ಬಲವಿತ್ತು, ರಸ್ತೆಯ ಮಟ್ಟ ಏರದಂತೆ ಹಳೆಯ ಪದರ ಕೆರೆದೇ ಹೊಸದು ಹಾಕಬೇಕೆಂದು 2021ರಲ್ಲಿ ರಾಜ್ಯದ ಮುಖ್ಯ ಕಾರ್ಯದರ್ಶಿಗಳಾಗಿದ್ದ ಇರೈ ಅನ್ಬು ಅವರೇ ಸೂಚಿಸಿದ್ದರು. ಎರಡು, ಏರಿಕೆಯನ್ನು ಹಂತ ಹಂತವಾಗಿ ಮಾಡಬೇಕು. ಮೂರು, ಬೀದಿಯ ಎಲ್ಲ ಮನೆಗಳನ್ನೂ ಹೊಸದಾಗಿ ಅಳೆದು ಕಂದಾಯ ನಿರ್ಧರಿಸಬೇಕು. ಈ ಮೂರನೆಯದನ್ನು ಸೂಚಿಸಿದವರು ರೈಲ್ವೆ ಸಾರ್. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು.

ಮರುದಿನ ಬೆಳಗಿನಿಂದ ಒಬ್ಬೊಬ್ಬರೇ ಬರತೊಡಗಿದರು. ಮೂರನೆಯ ಮನೆಯವರು ಬಂದು, “ಆ ಅಳತೆಯ ವಿಷಯ ಸ್ವಲ್ಪ ಮೃದುವಾಗಿ ಬರೆಯಿರಿ ಸಾರ್” ಎಂದರು. ಅವರ ಕಾರ್ ಶೆಡ್ಡು ಜಾಲರಿ ಬಾಗಿಲು ಹಾಕಿಕೊಂಡು ಮಲಗುವ ಕೋಣೆಯಾಗಿತ್ತು. ಏಳನೆಯ ಮನೆಯ ಮಾಮಿಗೆ ತಾರಸಿಯ ಮೇಲೆ ಒಂದು ಅಡುಗೆಮನೆ ಇತ್ತು. ರೈಲ್ವೆ ಸಾರ್ ಸಹ ಸಂಜೆ ಬಂದು ಬಹಳ ಹೊತ್ತು ಹವೆಯ ಬಗ್ಗೆ ಮಾತನಾಡಿ, ಹೋಗುವಾಗ “ಮೂರು ಬೇಡಿಕೆ ಜಾಸ್ತಿಯಾಯಿತೇನೋ” ಎಂದರು. ಅರ್ಜಿಯ ಎರಡನೆಯ ಪ್ರತಿಯಲ್ಲಿ ‘ಹೊಸದಾಗಿ ಅಳೆಯಬೇಕು’ ಎಂಬುದು ‘ಅಗತ್ಯವಿದ್ದಲ್ಲಿ ಅಳೆಯಬಹುದು’ ಎಂದಾಯಿತು. ಮೂರನೆಯ ಪ್ರತಿಯಲ್ಲಿ ಅದು ಮಾಯವಾಯಿತು. ಅದನ್ನು ಹೊಡೆದು ಹಾಕಿದ ಕೈ ನಮ್ಮದೇ. ಹೊಡೆಯುವಾಗ ನಮಗೂ ಹಾಯೆನಿಸಿತ್ತು.

ಏಕೆಂದರೆ ನಮ್ಮ ಮನೆಯ ಕೆಳಭಾಗ 1,150 ಚದರ ಅಡಿ. ಚೀಟಿಯಲ್ಲಿದ್ದುದೂ ಅಷ್ಟೇ. 2004ರಲ್ಲಿ ಮಗನ ಮದುವೆಗೆ ಮುಂಚೆ ಮಹಡಿಯಲ್ಲಿ 380 ಅಡಿಯ ಕೋಣೆ ಕಟ್ಟಿಸಿದ್ದೆವು. ಅದನ್ನು ಯಾರಿಗೂ ತಿಳಿಸಿರಲಿಲ್ಲ. 2018ರ ನಮೂನೆಯಲ್ಲಿ, ನಮ್ಮದೇ ದುಂಡಗಿನ ಅಕ್ಷರದಲ್ಲಿ, 1,150 ಎಂದೇ ಬರೆದು ರುಜು ಹಾಕಿದ್ದೆವು. ಮಗ ಬೆಂಗಳೂರಿನಲ್ಲಿದ್ದಾನೆ, ಕೋಣೆ ಖಾಲಿ, ಖಾಲಿ ಕೋಣೆಗೇನು ಕಂದಾಯ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು. ಅದನ್ನು ಸೇರಿಸಿದರೆ 1,530 ಆಗುತ್ತದೆ. ಆಗ ಮನೆ 1,200ರ ಗೆರೆ ದಾಟಿ ಮೇಲಿನ ಪಂಕ್ತಿಗೆ ಹೋಗುತ್ತದೆ. ಅರ್ಧ ವರ್ಷಕ್ಕೆ 1,800 ಕಟ್ಟಬೇಕಾದ ಕಡೆ 2,800ರ ಹತ್ತಿರ.

ಇಷ್ಟಕ್ಕೇ ಮುಗಿದಿದ್ದರೆ ಈ ಪ್ರಬಂಧ ಬರೆಯುತ್ತಿರಲಿಲ್ಲ. ಅರ್ಜಿಗೆ ಲಗತ್ತಿಸಲು ಎಲ್ಲರ ಹಳೆಯ ರಸೀದಿಗಳನ್ನು ತರಿಸಿದ್ದೆವು. ಮೂಲೆಮನೆಯ ಪಾಟಿ ಒಂದು ಬಿಸ್ಕತ್ತಿನ ಡಬ್ಬಿಯನ್ನೇ ತಂದುಕೊಟ್ಟರು. ಎಂಬತ್ತು ದಾಟಿದ ವಿಧವೆ. ಗಂಡನ ಪಿಂಚಣಿಯಲ್ಲಿ ಅರ್ಧದ ಮೇಲೆ ಜೀವನ. ಮನೆ 560 ಚದರ ಅಡಿ. ಆದರೆ ಅವರ ಕಂದಾಯ ನಮ್ಮದಕ್ಕಿಂತ ಹೆಚ್ಚು! ರಸೀದಿಗಳನ್ನು ವರ್ಷಾನುಕ್ರಮವಾಗಿ ಹರಡಿ ನೋಡಿದಾಗ ಗುಟ್ಟು ತಿಳಿಯಿತು. ಅವರ ಯಜಮಾನರು ಬದುಕಿದ್ದಾಗ ಮನೆಯ ಪಕ್ಕಕ್ಕೆ ತಗಡಿನ ಶೆಡ್ಡು ಹಾಕಿಸಿ ಒಬ್ಬ ದರ್ಜಿಗೆ ಬಾಡಿಗೆಗೆ ಕೊಟ್ಟಿದ್ದರು. ಅವರು ಪ್ರಾಮಾಣಿಕರು, ಅದನ್ನು ಅಂಗಡಿ ಎಂದೇ ಬರೆಸಿದ್ದರು. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬೀಸಿದಾಗ ಆ ತಗಡುಗಳು ಹಾರಿಹೋದವು, ದರ್ಜಿಯೂ ಹೋದ. ಪಾಟಿ ಅಲ್ಲಿ ಮಲ್ಲಿಗೆ ಹಾಕಿದರು. 2018ರ ನಮೂನೆಯನ್ನು ಯಾರೋ ಹುಡುಗ ಹಳೆಯ ರಸೀದಿ ನೋಡಿ ಹಾಗೆಯೇ ತುಂಬಿಸಿಕೊಟ್ಟಿದ್ದ. ಹಾರಿಹೋದ ಅಂಗಡಿಗೆ ಆರು ವರ್ಷದಿಂದ ಅವರು ಒಂದು ಕಂತೂ ತಪ್ಪದೆ ಕಂದಾಯ ಕಟ್ಟುತ್ತಿದ್ದರು.

“ಚೀಟಿ ಬಂದುಚ್ಚು, ಕಟ್ಟಿನೇನ್” ಎಂದರು ಪಾಟಿ, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ಇಲ್ಲದ ಅಂಗಡಿಗೆ ಕಂದಾಯ ಕಟ್ಟುವವರು ಮೂಲೆಮನೆಯಲ್ಲಿ. ಇರುವ ಕೋಣೆಗೆ ಕಟ್ಟದವರು ನಾವು. ಪ್ರವಾಹದ ಮೂರು ರಾತ್ರಿ ಆ ಪಾಟಿ ಮಲಗಿದ್ದುದು ಅದೇ ಕೋಣೆಯಲ್ಲಿ.

ಅವರ ತೊಂದರೆ ಸರಿಯಾಗಬೇಕಾದರೆ ಯಾರಾದರೂ ಬಂದು ಅಳೆಯಬೇಕು. ಅಂದು ರಾತ್ರಿ ಊಟವಾದ ಮೇಲೆ ನಮ್ಮಾಕೆಗೆ ಅರ್ಜಿ ಓದಿ ಹೇಳಿದೆವು. ಅದರ ಮೊದಲ ವಾಕ್ಯ, ‘ಈ ಬೀದಿಯ ನಿವಾಸಿಗಳಾದ ನಾವು ಪ್ರಾಮಾಣಿಕವಾಗಿ ಕಂದಾಯ ಕಟ್ಟುತ್ತಾ ಬಂದವರು’ ಎಂದಿತ್ತು. ಅವರು ಹೂಬತ್ತಿ ಹೊಸೆಯುತ್ತಿದ್ದರು.

“ಇದು ಯಾರ ವಿಷಯ ಬರೆದದ್ದು?” ಎಂದರು.

“ಬೀದಿಯವರದು.”

“ಪಾಟಿಯದೊಂದೇ ಆದರೆ ಸರಿಯಾಗಿದೆ. ಉಳಿದವರದು ನನಗೆ ಗೊತ್ತಿಲ್ಲ, ನಮ್ಮದು ಗೊತ್ತು.”

ಪಾಟಿಯದಕ್ಕೆ ಬೇರೆ ಅರ್ಜಿ ಕೊಟ್ಟರಾಯಿತು, ಅದಕ್ಕೂ ನಮಗೂ ಸಂಬಂಧವಿಲ್ಲ ಎಂದು ನಾವು ವಾದಿಸಿದೆವು.

“ಅಳೆಯೋರು ಬಂದಾಗ ಟೇಪಿನ ಇನ್ನೊಂದು ತುದಿ ಹಿಡ್ಕೊಂಡು ನಿಲ್ಲೋರು ನೀವೇ ತಾನೇ? ಆಗ ಅವರು ತಲೆಯೆತ್ತಿ ನಮ್ಮ ಮಹಡಿ ನೋಡಿದರೆ ಏನಂತೀರಿ? ಅವರು ನೋಡದೇ ಹೋದರೂ ಪಾಟಿ ನೋಡ್ತಾರಲ್ಲ, ಅವರಿಗೆ ಏನಂತೀರಿ?”

ನಮಗೆ ಉತ್ತರ ಹೊಳೆಯಲಿಲ್ಲ. ಎರಡು ದಿನ ಹೊಳೆಯಲಿಲ್ಲ. ಸಾವಿರ ರೂಪಾಯಿಯ ಯೋಚನೆಯಷ್ಟೇ ಆಗಿದ್ದರೆ ಸುಲಭವಿತ್ತು. ಹಿಂದಿನ ಬಾಕಿ ಎಷ್ಟು ಕೇಳುತ್ತಾರೋ ಎಂಬ ಭಯ, ಅದಕ್ಕಿಂತ ಮಿಗಿಲಾಗಿ ಬೀದಿಯವರು ಏನೆಂದುಕೊಳ್ಳುತ್ತಾರೋ ಎಂಬ ಭಯ. ‘ಕನ್ನಡದ ಸಾರ್ ನಮ್ಮನ್ನೆಲ್ಲ ಸಿಕ್ಕಿಸಿ ಹಾಕಿದರು’ ಎಂದರೆ? ಹೊರಗಿನಿಂದ ಬಂದವರೆಂಬ ಹಳೆಯ ಸಂಕೋಚ ಮತ್ತೆ ತಲೆಯೆತ್ತಿತು. ಈ ಸಲ ಮಾತ್ರ ಅದು ಸಂಕೋಚವಲ್ಲ, ಅಡಗಿಕೊಳ್ಳಲು ಒಂದು ಮೂಲೆ ಎಂದು ಸ್ಪಷ್ಟವಾಗಿ ಕಂಡಿತು. ತೆರಿಗೆ ಕೊಡುವಾಗ ‘ನಮ್ಮ ಊರಲ್ಲವಲ್ಲ’ ಎನ್ನುವುದು, ರಸ್ತೆ ಕೆಟ್ಟಾಗ ‘ನಮ್ಮ ಬೀದಿ’ ಎನ್ನುವುದು, ಎರಡೂ ಒಂದೇ ಬಾಯಲ್ಲಿ ಹೇಗೆ ಹಿಡಿಸೀತು?

ಮೂರನೆಯ ದಿನ ರೈಲ್ವೆ ಸಾರ್ ಮನೆಗೆ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿದೆವು. ಬೀದಿಯ ಅರ್ಜಿಯಲ್ಲಿ ಅಳತೆಯ ಮಾತು ಬೇಡ. ಪಾಟಿಯದು ಬೇರೆ ಕೊಡುತ್ತೇವೆ, ಅದರ ಜೊತೆಗೆ ನಮ್ಮ ಮಹಡಿಯದನ್ನೂ ಕೊಡುತ್ತೇವೆ, ಬೇರೆಯವರ ಮನೆಯ ವಿಷಯ ನಮಗೆ ಬೇಡ ಎಂದೆವು. ಸಾರ್ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. “ನಮ್ಮ ಹಿತ್ತಲಿನ ಕೋಣೆ 110 ಅಡಿ” ಎಂದರು. “ನನ್ನದೂ ಬರೆದುಬಿಡಿ.”

ಅಳೆಯಲು ಬಂದವರು ಒಬ್ಬ ತರುಣ, ಜೊತೆಗೆ ಒಬ್ಬ ಸಹಾಯಕ. ನಾವು ಟೇಪಿನ ತುದಿ ಹಿಡಿದೆವು. ಪಾಟಿ ಮಲ್ಲಿಗೆಯ ಬಳ್ಳಿಯನ್ನು ತೋರಿಸಿ “ಇದೇ ಅಂಗಡಿ” ಎಂದಾಗ ಆ ತರುಣನಿಗೆ ನಗು ತಡೆಯಲಾಗಲಿಲ್ಲ. ನಮ್ಮ ಮಹಡಿಯನ್ನು ತಾವೇ ಹತ್ತಿ ಬಂದು ತೋರಿಸಿದವರು ಕಡಿಮೆ ಎಂದರು. ಹೊಗಳಿಕೆಯೋ ಮರುಕವೋ ತಿಳಿಯಲಿಲ್ಲ.

ಪಾಟಿಯ ಕಂದಾಯ ಅರ್ಧಕ್ಕೂ ಕೆಳಗಿಳಿಯಿತು. ನಮ್ಮದು ಏರಿತು, ಹಿಂದಿನ ಬಾಕಿಯೂ ಬಂತು, ಮೂರು ಕಂತಿನಲ್ಲಿ ಕಟ್ಟಿದೆವು. ಉಳಿದ ಮನೆಗಳಲ್ಲಿ ನಾಲ್ವರು ತಾವಾಗಿ ಹೋಗಿ ಬರೆಸಿದರು. ಕೆಲವರು ನಮ್ಮನ್ನು ಕಂಡು ಸ್ವಲ್ಪ ದಿನ ಮುಖ ತಿರುಗಿಸಿದರು. ಕಾರ್ ಶೆಡ್ಡಿನವರು ಇಂದಿಗೂ ಶೆಡ್ಡೆಂದೇ ಹೇಳುತ್ತಾರೆ. ಬೀದಿಯ ಅರ್ಜಿಯನ್ನು ನಾವೂ ರೈಲ್ವೆ ಸಾರೂ ತೆಗೆದುಕೊಂಡು ಹೋದೆವು. ಏರಿಕೆಯನ್ನು ಹಂತ ಹಂತವಾಗಿ ಮಾಡಬೇಕೆಂಬ ಬೇಡಿಕೆ ಈಡೇರಲಿಲ್ಲ. ರಸ್ತೆಯ ಬೇಡಿಕೆಗಾಗಿ ಐದು ಸಲ ಅಲೆದೆವು. ಮೊದಲಾದರೆ ಎರಡನೆಯ ಸಲಕ್ಕೇ ಸುಮ್ಮನಾಗುತ್ತಿದ್ದೆವು. ಈ ಸಲ ಕೈಯಲ್ಲಿ ಸರಿಯಾದ ರಸೀದಿ ಇತ್ತು, ಕೂತು ಕೇಳಿದೆವು.

2023ರ ಬೇಸಿಗೆಯಲ್ಲಿ ಒಂದು ದಿನ ರಾತ್ರಿ ದೊಡ್ಡ ಸದ್ದು ಕೇಳಿ ಹೊರಗೆ ಬಂದರೆ, ಯಂತ್ರವೊಂದು ಹಳೆಯ ಡಾಂಬರನ್ನು ಕೆರೆಯುತ್ತಿತ್ತು. ಬೀದಿಗೆ ಬೀದಿಯೇ ಎದ್ದು ನಿಂತು ನೋಡಿತು. ಪಾಟಿ ಕುರ್ಚಿ ತರಿಸಿಕೊಂಡು ಕೂತರು. ಬೆಳಗಾಗುವ ಹೊತ್ತಿಗೆ ಪದರದ ಕೆಳಗೆ ಪದರ, ನಮ್ಮ ಮೂವತ್ತೈದು ವರ್ಷಗಳು ಅಡ್ಡಕೊಯ್ತದಲ್ಲಿ ಕಾಣುತ್ತಿದ್ದವು. ಹೊಸ ರಸ್ತೆ ಆದ ಮೇಲೆ ನೋಡಿದರೆ, ಮುಳುಗಿದ್ದ ಮೆಟ್ಟಿಲುಗಳಲ್ಲಿ ಒಂದು ಮರಳಿ ಬಂದಿತ್ತು. ನಮ್ಮಾಕೆ ಅದನ್ನು ಉಜ್ಜಿ ತೊಳೆದು ರಂಗೋಲಿ ಎಳೆದರು.

2024ರ ಸೆಪ್ಟೆಂಬರಿನಲ್ಲಿ ಮತ್ತೆ ನೂರಕ್ಕೆ 6ರಷ್ಟು ಏರಿಕೆಗೆ ನಗರಸಭೆಯಲ್ಲಿ ನಿರ್ಣಯವಾಯಿತು. ಬೀದಿಯಲ್ಲಿ ಮತ್ತೆ ಗೊಣಗಾಟ, ನಮ್ಮ ಜಗಲಿಯಲ್ಲಿ ಮತ್ತೆ ಸಭೆ. ಅರ್ಜಿ ಬರೆಯುವುದು ನಾವೇ. ಈ ಸಲ ಮೊದಲ ವಾಕ್ಯ ಬರೆದು ನಮ್ಮಾಕೆಗೆ ಓದಿ ಹೇಳಿದಾಗ ಅವರು ತಲೆಯೆತ್ತದೆ, “ಇರಲಿ ಬಿಡಿ” ಎಂದರು.